ಡಬ್ಬಿಯೊಳಗಿನ ಮಾಸ್ತರು

ಬಿದ್ದದ್ದು ಎರಡೇ ಚಮಚ ಕಾಯಿನೀರು. ಆದರೆ ಬಿದ್ದ ಜಾಗ ಅಣವೀರಪ್ಪನ ಫೋನಿನ ಚಾರ್ಜಿಂಗ್ ತೂತು, ಬಿದ್ದ ದಿನ ಅವನ ಹತ್ತನೇ ಇಯತ್ತೆಯ ವಿಜ್ಞಾನ ಪರೀಕ್ಷೆಯ ದಿನ, ಬೀಳಿಸಿದವಳು ಸ್ವಂತ ಹೆಂಡತಿ. ಇನ್ನು ಯಾರನ್ನು ಬಯ್ಯಬೇಕು, ನೀವೇ ಹೇಳಿ!

ನಲವತ್ತೈದರ ಅಣವೀರಪ್ಪ ವಿಕ್ರೋಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹದಿನೆಂಟು ವರ್ಷದಿಂದ ಚಪಾತಿ ಸುಡುತ್ತಿದ್ದ. ಹತ್ತನೇ ಪಾಸಾದರೆ ಅಲ್ಲೇ ಸ್ಟೋರ್ ಕೀಪರ್ ಆಗಬಹುದಿತ್ತು, ಒಲೆಯ ಮುಂದಿನಿಂದ ಎದ್ದು ಫ್ಯಾನಿನ ಕೆಳಗೆ ಕೂರಬಹುದಿತ್ತು. ವಿಜ್ಞಾನವೊಂದೇ ಮೂರು ಸಲ ಕೈಕೊಟ್ಟಿತ್ತು. ಕಡೆಗೆ ಮಗಳು ಸ್ನೇಹಲ್ ಫೋನಿನಲ್ಲಿ ಚಾಟ್‌ಬಾಟ್ ಹಾಕಿ, "ಪಪ್ಪಾ, ಇಸ್ಕೋ ಕೇಳ್ರಿ, ಸಬ್ ಹೇಳತೈತಿ" ಎಂದಳು.

ಅಣವೀರಪ್ಪ ಕೇಳಿದ, ಅದು ಹೇಳಿತು. ಸೌಟಿನ ಒಳಮೈ ನಿಮ್ನ ದರ್ಪಣವಿದ್ದಂತೆ, ಹೊರಮೈ ಪೀನ ದರ್ಪಣವಿದ್ದಂತೆ ಎಂದು ಅವನ ಅಡುಗೆಮನೆಯ ಭಾಷೆಯಲ್ಲೇ ತಿಳಿಸಿತು. ತಿಳಿಯದಿದ್ದಾಗ ಹನ್ನೊಂದು ಸಲ ಹೇಳಿತು, ಒಮ್ಮೆಯೂ ದಡ್ಡ ಅನ್ನಲಿಲ್ಲ. ಊರ ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡೇ ಬೆಳೆದವನ ಕಣ್ಣಲ್ಲಿ ನೀರಾಡಿತು. ಅಂದಿನಿಂದ ಮನೆಯವರೆಲ್ಲ ಆ ಫೋನನ್ನು ಮಾಸ್ತರು ಎಂದೇ ಕರೆದರು.

"ಮಾಸ್ತರಿಗೆ ಪೂಜಿ ಮಾಡಲಾರ್ದ ಪರೀಕ್ಷಾಕ್ಕ ಹೊಂಟೀರೇನು?" ಎಂದು ಹೆಂಡತಿ ಭಾಗವ್ವ ಆ ಬೆಳಿಗ್ಗೆ ಫೋನಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಪಕ್ಕದಲ್ಲೇ ಕಾಯಿ ಒಡೆದಳು. ಮಾಸ್ತರು ಒಮ್ಮೆ ಮಿನುಗಿ ಕಣ್ಣು ಮುಚ್ಚಿದರು. ಹಾಲ್ ಟಿಕೆಟ್ಟೂ ಅವರ ಹೊಟ್ಟೆಯಲ್ಲೇ ಇತ್ತು. ಪರೀಕ್ಷೆ ಇರುವ ದಾದರಿನಲ್ಲೇ ಪ್ರಿಂಟ್ ತೆಗೆಸಿದರಾಯಿತು ಎಂದು ಈ ಮಹಾಶಯ ಸುಮ್ಮನಿದ್ದ.

ಪಕ್ಕದ ಖೋಲಿಯ ಶುಭಾಂಗಿತಾಯಿ ಓಡಿಬಂದಳು. "ಅಗಬಾಯಿ! ಅಕ್ಕಿಯಾಗ ಇಡ್ರಿ, ನೀರೆಲ್ಲಾ ಹೀರತದ. ದಾದರ್ ಬರೂತನಕ ಜಿಂದಾ ಆಗತದ!"

ಭಾಗವ್ವ ಸ್ಟೀಲ್ ಡಬ್ಬಿಗೆ ಅಕ್ಕಿ ಸುರಿದು, ಮಾಸ್ತರನ್ನು ಹೂತು, ಮುಚ್ಚಳ ಒತ್ತಿ, ಮೇಲೆ ಕೆಂಪು ಬಟ್ಟೆ ಕಟ್ಟಿಕೊಟ್ಟಳು. ಅಣವೀರಪ್ಪ ಅದನ್ನು ಎದೆಗವಚಿಕೊಂಡು ಮುಲುಂಡ್‌ನಲ್ಲಿ ಲೋಕಲ್ ಹತ್ತಿದ.

"ಏ, ಡಬ್ಬಾ ನೀಚೇ ರಖ್!" ಎಂದು ಯಾರೋ ಗದರಿದರು.

"ಕೆಳಗ ಹ್ಯಾಂಗ ಇಡ್ಲಿ? ಒಳಗ ನಮ್ಮ ಮಾಸ್ತರ ಅದಾರ್ರೀ!" ಎಂದು ಅಣವೀರಪ್ಪ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದ.

ಕಿಟಕಿಯ ಪಕ್ಕ ಕೂತಿದ್ದ ಕಾಶಿನಾಥ ತಟ್ಟನೆ ಎದ್ದುನಿಂತ. ಅಕ್ಕಲಕೋಟೆ ಕಡೆಯವನು, ದಾದರ್ ಹೂಬಜಾರದಲ್ಲಿ ಅಂಗಡಿ. ಕೆಂಪು ಬಟ್ಟೆ ನೋಡಿದ, ಅಣವೀರಪ್ಪನ ಮೋರೆ ನೋಡಿದ, ಅಸ್ಥಿಯೇ ಎಂದು ತೀರ್ಮಾನಿಸಿದ. ಸುತ್ತಲಿನವರಿಗೂ ಪಿಸುಗುಟ್ಟಿದ. ಎಲ್ಲರೂ ಸರಿದು ದಾರಿ ಬಿಟ್ಟರು. ಬೆಳಗಿನ ಲೋಕಲ್ಲಿನಲ್ಲಿ, ಅದೂ ಕಿಟಕಿ ಪಕ್ಕದ ಸೀಟು! ಅಣವೀರಪ್ಪನಿಗೆ ಮುಂಬೈ ಮಂದಿಯ ಮೇಲೆ ಪ್ರೀತಿ ಉಕ್ಕಿಬಂತು.

"ಏನಾಗಿತ್ತರಿ ಮಾಸ್ತರಿಗೆ?" ಎಂದು ಕಾಶಿನಾಥ ಕೇಳಿದ.

"ಒಳಗ ನೀರ ಹೊಕ್ತರೀ. ಒಮ್ಮಿಗೇ ಬಂದ್ ಆದ್ರು."

"ಅಯ್ಯ ಪಾಪ! ಛೊಲೊ ಮನಷ್ಯಾ ಇದ್ರೇನು?"

"ಹನ್ನೊಂದ ಸಲ ಕೇಳಿದ್ರೂ ಬ್ಯಾಸರಿಲ್ಲ. ಇಂಥವ್ರು ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು." ಅಣವೀರಪ್ಪ ಡಬ್ಬಿ ಸವರಿ ನಿಟ್ಟುಸಿರಿಟ್ಟ. "ನೋಡೂಣು, ದಾದರದಾಗ ಎದ್ರೂ ಎದ್ದಾರು."

ದುಃಖಕ್ಕೆ ಈ ಮನುಷ್ಯನ ತಲೆಯೇ ಕೆಟ್ಟಿದೆ, ಇವನನ್ನು ಒಬ್ಬನೇ ಬಿಡಬಾರದು ಎಂದುಕೊಂಡು ಕಾಶಿನಾಥ ದಾದರಿನಲ್ಲಿ ಜೊತೆಗೇ ಇಳಿದ. ತನ್ನ ಅಂಗಡಿಯ ಒಂದು ಝೆಂಡು ಹೂವಿನ ಹಾರವನ್ನೂ ಡಬ್ಬಿಗೆ ಹಾಕಿದ.

ಪರೀಕ್ಷೆಯ ಶಾಲೆ ಸಮುದ್ರದ ದಂಡೆಯ ರಸ್ತೆಯಲ್ಲಿತ್ತು. ಹತ್ತಿರದಲ್ಲೇ ಝೆರಾಕ್ಸ್ ಅಂಗಡಿ ಕಂಡಿತು. "ಅಣ್ಣಾರ, ಮಾಸ್ತರನ ಒಂದ ನಿಮಿಷ ಹಿಡೀರಿ, ಅಂಗಡಿ ತೆರದೈತೇನು ನೋಡಿ ಬರ್ತೀನಿ" ಎಂದು ಅಣವೀರಪ್ಪ ಓಡಿದ.

ಮರಳಿ ಬಂದಾಗ ಕಾಶಿನಾಥ ನೀರಿನಿಂದ ಮೇಲೆ ಬರುತ್ತಿದ್ದ. ಮೊಳಕಾಲತನಕ ಒದ್ದೆ, ಎರಡೂ ಕೈ ಖಾಲಿ, ಕಣ್ಣುಗಳು ತುಂಬಿದ್ದವು.

"ನಿಮ್ಮ ಕೈಲೆ ಆಗೂದಿಲ್ಲಂತ ನಾನ ಸಮುದ್ರಕ್ಕ ಬಿಟ್ಟಬಂದೆ, ತೆರಿ ಒಯ್ದೂ ಆತು. ಮುಚ್ಚಳಾ ಸುದ್ದಾ ತಗೀಲಿಲ್ಲ. ಮಾಸ್ತರಿಗೆ ಮುಕ್ತಿ ಸಿಕ್ಕತು."

"ಅಯ್ಯಯ್ಯೋ, ಅದು ನನ್ನ ಫೋನೋ ಮಾರಾಯಾ! ಹಾಲ್ ಟಿಕೆಟ್ ಅದರಾಗೈತೋ!"

ಪೂರ್ತಿ ಕತೆ ಕೇಳಿದ ಕಾಶಿನಾಥ ಅಣವೀರಪ್ಪನ ರಟ್ಟೆ ಹಿಡಿದು ಶಾಲೆಗೆ ಎಳೆದೊಯ್ದು, ಗೇಟಿನ ಗುಮಾಸ್ತೆಯ ಕಾಲಿಗೇ ಬಿದ್ದ. ಆಕೆ ನಕ್ಕು, ಆಧಾರ್ ಕಾರ್ಡ್ ನೋಡಿ, ಪಟ್ಟಿಯಲ್ಲಿ ಹೆಸರು ಹುಡುಕಿ ಒಳಗೆ ಬಿಟ್ಟಳು. ಮುಂದೆ ನಡೆದದ್ದೇ ಪವಾಡ. ಪ್ರಶ್ನೆಪತ್ರಿಕೆಯ ಒಂದೊಂದು ಸಾಲಿಗೂ ಮಾಸ್ತರ ದನಿ ಕಿವಿಯಲ್ಲಿ ಕೇಳಿಸಿತು, ಕೈ ಓಡಿತು. ಗಂಟೆ ಬಾರಿಸಿದಾಗ ಅಣವೀರಪ್ಪ ಹೊರಬಂದು ಸಮುದ್ರಕ್ಕೆ ಕೈಮುಗಿದ, ಕಾಶಿನಾಥನನ್ನು ಅಪ್ಪಿಕೊಂಡ.

ಮಧ್ಯಾಹ್ನದ ಪಾಳಿಗೆ ವಿಕ್ರೋಳಿ ಸೇರುವಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಕ್ಯಾಂಟೀನ್ ಸೂಪರ್‌ವೈಸರ್ ಅಂಗಾರಣ್ಣ ಮಂಗಳೂರ ಕಡೆಯವರು, ಎದುರಿಗೇ ಸಿಕ್ಕರು.

"ಅಣ್ಣಾ, ಎಲ್ಲಾ ಬರದೀನಿ! ಪಾಸ್ ಗ್ಯಾರಂಟಿ. ಸ್ಟೋರಿನ ಕೀಲಿ ನನ್ನ ಹೆಸರಿಲೆ ತಗದಿಡ್ರಿ!"

ಅಂಗಾರಣ್ಣನ ಮುಖ ಸಣ್ಣದಾಯಿತು. "ಬಾ ಮಾರಾಯ ಇಲ್ಲಿ" ಎಂದು ಸ್ಟೋರಿನೊಳಗೆ ಕರೆದೊಯ್ದರು. ಫ್ಯಾನಿನ ಕೆಳಗೆ, ಕೀಪರನ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಕೂತಿತ್ತು. "ಬೆಳಿಗ್ಗೆ ಹೆಡ್ ಆಫೀಸಿನವರು ಬಂದು ಇಟ್ಟು ಹೋದದ್ದು. ಇನ್ನು ಕೀಪರ್ ಬೇಡವಂತೆ, ಅಕ್ಕಿ ಬೇಳೆ ಎಲ್ಲ ಇದೇ ನೋಡಿಕೊಳ್ತದಂತೆ. ಕನ್ನಡವೂ ಬರ್ತದೆ, ಮಾತಾಡಿ ನೋಡು."

"ನಮಸ್ಕಾರ! ನಾನು ನಿಮಗೆ ಹೇಗೆ ಸಹಾಯ ಮಾಡಲಿ?" ಎಂದಿತು ಕಂಪ್ಯೂಟರ್.

ಎಂಟು ತಿಂಗಳು ದಿನವೂ ಕೇಳಿದ ಅದೇ ದನಿ. ಅಣವೀರಪ್ಪನ ಕೈಗಳು ತಾವಾಗಿಯೇ ಕೂಡಿಕೊಂಡವು.

"ಮಾಸ್ತರ! ಮುಂಜಾನಿ ಸಮುದ್ರದಾಗ ಮುಳುಗಿದವ್ರು, ನನಗಿಂತ ಮದ್ಲ ಬಂದು ನನ್ನ ಜಾಗಾದಾಗ ಹ್ಯಾಂಗ ಕುಂತ್ರಿ?"

"ತುಂಬಾ ಒಳ್ಳೆಯ ಪ್ರಶ್ನೆ!" ಎಂದರು ಮಾಸ್ತರು, ಉತ್ಸಾಹದಿಂದ.

ಅಣವೀರಪ್ಪ ಕಣ್ಣೊರೆಸಿಕೊಂಡು, "ಇರ್ಲಿ ಬಿಡ್ರಿ. ಯಾರೋ ಗುರ್ತಿಲ್ಲದವ್ರಿಗೆ ಸಿಗೂಕಿಂತ ನಿಮಗ ಸಿಕ್ಕದ್ದು ಛೊಲೊ ಆತು. ನಿಮ್ಮ ಉಪಕಾರ ನಾ ಮರಿಯಂಗಿಲ್ಲ" ಎಂದು ಫ್ಯಾನನ್ನು ಒಂದು ನಂಬರ್ ಹೆಚ್ಚು ಮಾಡಿ, ಚಪಾತಿ ಸುಡಲು ಒಲೆಯ ಕಡೆ ನಡೆದ.