ಕೆಂಪು ಕಾರಿನ ಕೆಳಗೆ ಡ್ರಾಯಿಂಗ್ ಮೇಷ್ಟ್ರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರನ್ನು ಷೆಡ್ಡಿನಿಂದ ಹೊರಗೆ ತೆಗೆಯುವಾಗ ಅದರ ಹೊಟ್ಟೆಯೊಳಗಿಂದ ‘ಲೊಡಲೊಡ’ ಎಂದು ಸದ್ದು ಬಂತು. ಡ್ರಾಯಿಂಗ್ ಮೇಷ್ಟ್ರು ತಟ್ಟನೆ ಎಂಜಿನ್ ಆರಿಸಿದರು. ನಾಲ್ಕು ಗಂಟೆಗೆ ಕಾರು ಕೊಳ್ಳಲು ಹಲ್ಲಿನ ಡಾಕ್ಟರು ಬರುವವರಿದ್ದರು.

ಆ ಕೆಂಪು ಸ್ಪೋರ್ಟ್ಸ್ ಕಾರು ಮೇಷ್ಟ್ರು ಆಸೆಪಟ್ಟು ತಂದದ್ದಲ್ಲ. ಮದುವೆಯಾಗದೆ ಉಳಿದ ಸೋದರಮಾವ ಸಾಯುವ ಮುಂಚೆ ಇವರ ಹೆಸರಿಗೆ ಬರೆದು ಹೋಗಿದ್ದ. ಅದರಲ್ಲಿ ಇರುವುದು ಎರಡೇ ಸೀಟು, ಮನೆಯಲ್ಲಿ ಇರುವವರು ನಾಲ್ಕು ಜನ. ಎಲ್ಲಿಗಾದರೂ ಹೊರಟರೆ ಗಂಡ ಹೆಂಡತಿ ಕಾರಿನಲ್ಲಿ, ಹೆಣ್ಣುಮಕ್ಕಳಿಬ್ಬರು ಬಸ್ಸಿನಲ್ಲಿ. ಬಸ್ಸೇ ಮೊದಲು ತಲುಪುತ್ತಿತ್ತು. ಆ ಕಾರಿನಲ್ಲಿ ಕೂರುವುದೆಂದರೆ ಬಾವಿಗೆ ಇಳಿದಂತೆ. ಮೇಲೆ ಬರಬೇಕಾದರೆ ಯಾರಾದರೂ ಕೈ ಹಿಡಿದು ಸೇದಬೇಕು.

ಹೆಂಡತಿ ಬಟ್ಟೆ ಹೊಲಿಯುವವಳು. ಅದೇ ಷೆಡ್ಡಿನಲ್ಲಿ ಅಂಗಡಿ ಇಡಲು ಎರಡು ಹೊಸ ಹೊಲಿಗೆ ಮೆಷೀನಿಗೆ ಹೇಳಿಟ್ಟಿದ್ದಳು. ಮರುದಿನ ಬೆಳಿಗ್ಗೆ ಅವು ಬರುವುದಿತ್ತು.

“ನೋಡಿ, ಷೆಡ್ಡಲ್ಲಿ ಅದಿರ್ಬೇಕು, ಇಲ್ಲಾ ನನ್ನ ಮೆಷೀನ್ ಇರ್ಬೇಕು. ಇವತ್ತು ಸಂಜೆಯೊಳಗೆ ತೀರ್ಮಾನ ಆಗ್ಲಿ,” ಎಂದಿದ್ದಳು.

ಮೇಷ್ಟ್ರು ನೆಲಕ್ಕೆ ಕೆನ್ನೆಯೊತ್ತಿ ನೋಡಿದರು. ಕಾರಿನಡಿ ತಗಡಿನ ಹಾಳೆಯೊಂದು ಬೋಲ್ಟು ಸಡಿಲಾಗಿ ಜೋಲುತ್ತಿತ್ತು. ಅದೊಂದನ್ನು ಬಿಗಿ ಮಾಡಿದರೆ ಮುಗಿಯಿತು. ಆದರೆ ಕಾರಿಗೂ ನೆಲಕ್ಕೂ ನಡುವೆ ಬೆಕ್ಕು ಕೂಡ ಉಸಿರು ಬಿಗಿಹಿಡಿದೇ ನುಸುಳಬೇಕು. ಗ್ಯಾರೇಜುಗಳಿಗೆಲ್ಲ ರಜೆ. ಕಾರನ್ನು ತಾವೇ ಎತ್ತಬೇಕು.

ಎದುರುಮನೆಯ ಬೇಕರಿಯವನು ಕರೆಯುವ ಮೊದಲೇ ತನ್ನ ವ್ಯಾನಿನ ಜಾಕ್ ಹೊತ್ತು ತಂದ. “ಐದು ನಿಮಿಷದ ಕೆಲ್ಸ ಮೇಷ್ಟ್ರೇ. ಎತ್ತೋದು, ತಿರುಗ್ಸೋದು, ಇಳ್ಸೋದು.”

“ತಡೀರಿ!”

ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಒಂದು ಬಿಳಿ ತಲೆ ಎದ್ದಿತು. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದು ನಿವೃತ್ತರಾದ ಹಿರಿಯರು. ಬಾಯಿ ತೆರೆದರೆ ‘ತಡೀರಿ’ ಎಂಬ ಮಾತೇ ಮೊದಲು ಬರುತ್ತಿದ್ದರಿಂದ ಬೀದಿಗೆಲ್ಲ ಅವರು ತಡೀರಿ ರಾಯರು. ಇತ್ತೀಚೆಗೆ ತಡೆಯಲು ಯಾರೂ ಸಿಗದೆ ಸೊರಗಿದ್ದರು.

“ನೆಲ ಮಟ್ಟವಾಗಿದೆಯಾ? ಹ್ಯಾಂಡ್ ಬ್ರೇಕ್ ಹಾಕಿದೀರಾ? ಗೇರಲ್ಲಿ ನಿಲ್ಸಿದೀರಾ? ಹಿಂದಿನ ಚಕ್ರಕ್ಕೆ ಅಡ್ಡ ಏನು ಕೊಟ್ಟಿದೀರಿ?”

“ಎರಡು ಕಲ್ಲಿಟ್ರೆ ಆಯ್ತಪ್ಪ,” ಎಂದ ಬೇಕರಿಯವನು.

“ಕಲ್ಲು ಜಾರತ್ತೆ. ಮರದ ತುಂಡು ತನ್ನಿ.”

ಮರದ ತುಂಡು ಹುಡುಕುವಷ್ಟರಲ್ಲಿ ಹನ್ನೊಂದೂವರೆ. ರಾಯರು ರಸಮಟ್ಟ ತಂದು ಅಂಗಳವನ್ನೆಲ್ಲ ಅಳೆದು, ಕಾರನ್ನು ನಾಲ್ಕು ಸಲ ಜಾಗ ಬದಲಿಸುವಂತೆ ಮಾಡುವಷ್ಟರಲ್ಲಿ ಹನ್ನೆರಡೂವರೆ. ಆಮೇಲೆ ನೋಡಿದರೆ, ಜಾಕ್ ಕಾರಿನ ಹೊಟ್ಟೆಗಿಂತ ಎತ್ತರ. ಒಳಗೆ ಹೋಗುವುದೇ ಇಲ್ಲ.

“ಮುಂದಿನ ಚಕ್ರಗಳನ್ನ ಹಲಗೆ ಮೇಲೆ ಹತ್ತಿಸಿದ್ರೆ ಜಾಗ ಆಗತ್ತೆ,” ಎಂದ ಬೇಕರಿಯವನು. ಮೇಷ್ಟ್ರು ಅವಸರದಲ್ಲಿ ಹೆಂಡತಿ ಬಟ್ಟೆ ಕತ್ತರಿಸುವ ಹಲಗೆಯನ್ನೇ ತಂದು ಚಕ್ರದ ಮುಂದಿಟ್ಟರು. ಚಕ್ರ ಹತ್ತಿತು. ಹಲಗೆ ಎರಡಾಯಿತು. ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. ಮೇಷ್ಟ್ರು ಮುರಿದ ಹಲಗೆಗೆ ಅಡ್ಡ ಬಂದು ನಿಂತರು.

ಕೊನೆಗೆ ರಾಯರು ತಮ್ಮ ಮಂಚದ ದಪ್ಪ ಹಲಗೆಗಳನ್ನೇ ಕಳಚಿ ತಂದರು. ಇನ್ನೊಬ್ಬರನ್ನು ತಡೆಯುವ ಸುಖಕ್ಕೆ ತಮ್ಮ ನಿದ್ದೆಯನ್ನೂ ಬಿಡುವ ಮನುಷ್ಯ.

ಚಕ್ರಗಳು ಆ ಹಲಗೆ ಹತ್ತಿದ ಕೂಡಲೇ ಬೇಕರಿಯವನು ಜಾಕನ್ನು ಕೈಗೆ ಸಿಕ್ಕ ಕಡೆ ತುರುಕಿ ಹಿಡಿ ತಿರುಗಿಸಿದ. ಕಾರಿನ ತಳ ಬಿಸ್ಕತ್ತಿನ ಹಾಗೆ ‘ಕರಕ್’ ಎಂದಿತು.

“ತಡೀರಿ! ಕಂಡಕಂಡಲ್ಲಿ ಎತ್ತೋಕೆ ಅದೇನು ಹಿಟ್ಟಿನ ಮೂಟೆನಾ? ಬಾಗಿಲ ಕೆಳಗೆ ಗಟ್ಟಿ ಜಾಗಕ್ಕೆ ಗುರುತು ಮಾಡಿರ್ತಾರೆ. ಅಲ್ಲಿಗೆ ಇಡಿ, ನಡುವೆ ಒಂದು ಮರದ ಚೂರು ಕೊಡಿ.”

ಈ ಸಲ ಕಾರು ಕಮಕ್ ಕಿಮಕ್ ಎನ್ನದೆ ಎದ್ದಿತು. ಮೇಷ್ಟ್ರು ಸ್ಪ್ಯಾನರ್ ಹಿಡಿದು ಒಳಗೆ ನುಗ್ಗಲು ಹೋದರೆ ರಾಯರು ಕಾಲು ಹಿಡಿದು ಎಳೆದರು.

“ಬರೀ ಜಾಕ್ ನಂಬಿ ಕೆಳಗೆ ಹೋದವರೆಲ್ಲ ಫೋಟೋ ಆಗಿ ಗೋಡೆ ಹತ್ತಿದಾರೆ, ಗೊತ್ತಾ?”

ರಾಯರ ಮನೆಯಲ್ಲಿ ಕಾರೇ ಇರಲಿಲ್ಲ. ಆದರೆ ಕಾರಿಗೆ ಕೊಡುವ ಕಬ್ಬಿಣದ ಸ್ಟ್ಯಾಂಡು ಎರಡಿದ್ದವು. ಎರಡೂ ಕಡೆ ಸ್ಟ್ಯಾಂಡು ಕೊಟ್ಟು, ಕಾರನ್ನು ಅವುಗಳ ಮೇಲೆ ಕೂರಿಸಿ, ಮೂವರೂ ಸೇರಿ ಅಲುಗಾಡಿಸಿ ನೋಡಿದರು. ಬಂಡೆ. ಮೇಷ್ಟ್ರು ಕೆಳಗೆ ತೂರಿದಾಗ ಮೂರು ಮುಕ್ಕಾಲು.

ಬೋಲ್ಟಿಗೆ ತುಕ್ಕು ಹಿಡಿದಿತ್ತು. ಬೈದರು, ಬಗ್ಗಲಿಲ್ಲ. ಬೆರಳು ಜಜ್ಜಿಕೊಂಡರು, ಕಣ್ಣಿಗೆ ಮಣ್ಣು ಉದುರಿತು. ಬೈದು ಸಾಕಾಗಿ, ತರಗತಿಯ ಮೊಂಡು ಹುಡುಗರನ್ನು ಓಲೈಸುವ ದನಿ ತೆಗೆದರು.

“ಬಾರೋ ನನ್ ರಾಜ... ಇನ್ನೊಂದೇ ಒಂದು ಸುತ್ತು... ಹಾಂ, ಹಂಗೇ... ನಂಗೂ ನೀನು ಬಿಟ್ರೆ ಯಾರಿದಾರೆ ಹೇಳು... ಹಟ ಮಾಡ್ಬೇಡ ಕಣೋ ಚಿನ್ನ...”

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಗೇಟು ದಾಟಿ ಬಂದಿದ್ದರು. “ತಡೀರಿ! ಕೆಳಗೆ ಮನುಷ್ಯ ಇದಾರೆ. ಹತ್ತಡಿ ದೂರ ನಿಲ್ಲಿ, ಮಾತಾಡ್ಬೇಡಿ,” ಎಂದು ರಾಯರು ಪಿಸುಗುಟ್ಟಿದ್ದರಿಂದ ಕಾಲು ಗಂಟೆ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

ಬೋಲ್ಟು ಬಿಗಿಯಾಯಿತು. ಮೇಷ್ಟ್ರು ಮಸಿ ಬಳಿದ ಮುಖ ಹೊತ್ತು ತೆವಳಿಕೊಂಡು ಹೊರಬಂದರೆ ಎದುರಿಗೆ ಡಾಕ್ಟರು, ಅವರ ಕಣ್ಣಲ್ಲಿ ನೀರು!

“ಬನ್ನಿ ಡಾಕ್ಟ್ರೇ, ಈಗ ಇಳಿಸ್ತೀವಿ, ಓಡ್ಸಿ ನೋಡಿ, ಒಂಚೂರೂ ಸದ್ದಿಲ್ಲ.”

“ಬೇಡ ಮೇಷ್ಟ್ರೇ. ನಾನು ಇದನ್ನ ತಗೊಳ್ಳಲ್ಲ.”

“ಅಯ್ಯೋ, ಯಾಕೆ? ತಳ ನೆಗ್ಗಿದ್ದು ನೋಡಿದ್ರಾ? ಅದು ಬೇಕರಿ...”

“ಅದಲ್ಲ. ನೀವು ಅದರ ಜೊತೆ ಮಾತಾಡಿದ್ದು ಕೇಳಿದೆ. ನಾನು ನನ್ನ ಪೇಶೆಂಟ್ ಜೊತೆಗೂ ಅಷ್ಟು ಪ್ರೀತಿಯಿಂದ ಮಾತಾಡಿಲ್ಲ. ನಿಮ್ಮಿಬ್ಬರನ್ನ ಬೇರೆ ಮಾಡೋ ಪಾಪ ನನಗೆ ಬೇಡ.”

“ಡಾಕ್ಟ್ರೇ, ದೇವರಾಣೆಗೂ ಹೇಳ್ತೀನಿ, ನಂಗೆ ಇದನ್ನ ಕಂಡ್ರೆ ಆಗಲ್ಲ!”

“ಸುಮ್ನಿರಿ ಮೇಷ್ಟ್ರೇ, ಬೆಳಗಿಂದ ಊಟ ಸಹ ಬಿಟ್ಟು ಇದರ ಸೇವೆ ಮಾಡಿದೀರಿ,” ಎಂದು ಬೇಕರಿಯವನು ಹೆಮ್ಮೆಯಿಂದ ಬಾಯಿ ಹಾಕಿದ. “ಹೆಂಡ್ತಿ ಹಲಗೆ ಮುರಿದ್ರೂ ಲೆಕ್ಕಿಸ್ಲಿಲ್ಲ ಡಾಕ್ಟ್ರೇ, ಅಂಥ ಮನುಷ್ಯ!”

“ಒಂದೇ ಒಂದು ನಿಯಮ ಮೀರ್ಲಿಲ್ಲ,” ಎಂದು ರಾಯರು ಸಾಕ್ಷಿ ನುಡಿದರು.

ಡಾಕ್ಟರು ಮೇಷ್ಟ್ರ ಜಿಡ್ಡುಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ಬೇರು ಇಷ್ಟು ಗಟ್ಟಿಯಿರೋ ಹಲ್ಲನ್ನ ನಾನು ಯಾವತ್ತೂ ಕಿತ್ತಿಲ್ಲ. ಮುಂದಿನ ಭಾನುವಾರ ನನ್ನ ಹಳೇ ಕಾರು ತರ್ತೀನಿ, ನೀವೇ ನೋಡ್ಬೇಕು. ಇನ್ಯಾರ ಕೈಗೂ ಕೊಡಲ್ಲ.”

“ಅದಕ್ಕೂ ಮುಂಚೆ ನನ್ನ ವ್ಯಾನು,” ಎಂದ ಬೇಕರಿಯವನು.

ಕಣ್ಣೊರೆಸಿಕೊಳ್ಳುತ್ತ ಡಾಕ್ಟರು ಹೊರಟೇಬಿಟ್ಟರು. ಈ ಸಲ ಮಾತ್ರ ರಾಯರ ಬಾಯಿಂದ ‘ತಡೀರಿ’ ಬರಲಿಲ್ಲ.

ಗೇಟು ಮುಚ್ಚಿದ ಸದ್ದಿಗೆ ಮನೆಯೊಳಗಿಂದ ಹೆಂಡತಿಯ ಸಂಭ್ರಮದ ದನಿ ಕೇಳಿಬಂತು:

“ಏನೂಂದ್ರೆ, ಹೋಯ್ತಾ?”

ಮೇಷ್ಟ್ರು ನೆಲದ ಮೇಲೆಯೇ ಕೂತು ಉತ್ತರ ಕೊಟ್ಟರು:

“ಹೋದ್ರು.”