ನಶ್ಯದ ಡಬ್ಬಿಯಲ್ಲಿ ಮಿಕ್ಕ ಸ್ಕ್ರೂಗಳು

೧೯೩೬ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ನಮ್ಮ ಸೋದರಮಾವ ನನ್ನ ಒಂಬತ್ತು ವರ್ಷದ ತಂಗಿ ಕಮಲಿಗೆ ಒಂದು ಒಳ್ಳೆಯ ಹವ್ಯಾಸ ಹುಡುಕಿಕೊಡಲು ಹೊರಟರು. ಜೂನ್ ಬರುವುದರೊಳಗೆ ಒಂದು ಹಾರ್ಮೋನಿಯಂ, ಒಂದು ಪಾತಿ ಹುರುಳಿಕಾಯಿ ಮತ್ತು ಹನ್ನೊಂದು ಜನ ನೆಂಟರ ನೆಮ್ಮದಿ ಹಾಳಾಗಿದ್ದವು. ಮಾವ ಯಾವುದನ್ನೂ ಬೇಕೆಂದು ಹಾಳು ಮಾಡಿದವರಲ್ಲ. ಪರೀಕ್ಷೆ ಮಾಡುತ್ತಿದ್ದರು, ಅಷ್ಟೆ!

ಅದು ಅವರ ಉದ್ಯೋಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ದಾಗಲೆಲ್ಲ ಒಂದು ಸಣ್ಣ ಮಾದರಿ ತುಂಡು ಅವರ ಮೇಜಿಗೆ ಬರುತ್ತಿತ್ತು. ಮಾವ ಅದನ್ನು ಸುತ್ತಿಗೆಯಿಂದ ಮುರಿದು, ಒಳಗಿನ ಕಣ ನೋಡಿ, "ಪಾಸು" ಅಥವಾ "ಫೇಲು" ಎನ್ನುತ್ತಿದ್ದರು. ಹನ್ನೆರಡು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ, ಮುರಿಯದೆ ಯಾವ ವಸ್ತುವಿನ ಗುಣವೂ ಗೊತ್ತಾಗುವುದಿಲ್ಲ ಎಂಬ ನಂಬಿಕೆ ಬಂದರೆ ತಪ್ಪೇನು? ಮನೆಯ ಗಡಿಯಾರ, ಬೀಗ, ಟಾರ್ಚು ಎಲ್ಲವನ್ನೂ ಬಿಚ್ಚಿ ನೋಡಿದ್ದರು. ತಿರುಗಿ ಜೋಡಿಸಿದಾಗ ಪ್ರತಿಸಲವೂ ಒಂದೆರಡು ಸ್ಕ್ರೂ ಮಿಕ್ಕುತ್ತಿದ್ದವು. "ತಯಾರು ಮಾಡಿದೋರು ಜಾಸ್ತಿ ಹಾಕಿದಾರೆ" ಎಂದು ಅವನ್ನು ಒಂದು ಖಾಲಿ ನಶ್ಯದ ಡಬ್ಬಿಗೆ ಹಾಕುತ್ತಿದ್ದರು. ಅವರ ಕನ್ನಡಕದ ಬಲಗಡೆಯ ಕಡ್ಡಿಯನ್ನು ದಾರದಿಂದ ಕಟ್ಟಿತ್ತು. ಕನ್ನಡಕವನ್ನೂ ಪರೀಕ್ಷೆ ಮಾಡಿದ್ದರೆಂದು ಬೇರೆ ಹೇಳಬೇಕೆ?

ಹವ್ಯಾಸದ ಪ್ರಶ್ನೆ ಎದ್ದದ್ದು ಶಿವಮೊಗ್ಗದ ನಮ್ಮ ಮನೆಯಲ್ಲಿ. ಕಮಲಿಯ ಶಾಲೆಯಿಂದ ವರ್ಷದ ಕೊನೆಗೆ ಒಂದು ಚೀಟಿ ಬಂತು: "ಪಾಠದಲ್ಲಿ ಗಮನವಿಲ್ಲ. ಇತರ ಆಸಕ್ತಿ: ಇಲ್ಲ."

ಅಪ್ಪ ಚೀಟಿ ಮಡಿಸಿ ಹೇಳಿದರು: "ಇಲ್ಲ ಅಂತ ಮೇಷ್ಟ್ರೇ ಬರೆದ ಮೇಲೆ ಸ್ಕೂಲು ಯಾಕೆ? ಜೂನ್‌ನಿಂದ ಮನೇಲಿದ್ದು ಅಡುಗೆ ಕಲೀಲಿ."

ಕಮಲಿ ಸ್ಲೇಟನ್ನು ಎದೆಗೆ ಅವುಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ದಿನ ಭದ್ರಾವತಿಯಿಂದ ಬಂದಿದ್ದ ಮಾವ ಅವಳನ್ನು ನೋಡಿದರು.

"ಭಾವ, ಎರಡು ತಿಂಗಳು ಕೊಡಿ. ಆಸಕ್ತಿ ತಾನೇ ಬೇಕಾಗಿರೋದು? ನಾನು ಹುಡುಕ್ತೀನಿ."

"ಹುಡುಕಯ್ಯ. ಹುಡುಗೀನ ಮಾತ್ರ ಬಿಚ್ಚಿ ನೋಡಬೇಡ!"

ಹೀಗೆ ರಜಕ್ಕೆ ಕಮಲಿಯೂ, ಅವಳ ಕಾವಲಿಗೆ ಹದಿಮೂರು ವರ್ಷದ ನಾನೂ ಭದ್ರಾವತಿಯ ರೈಲು ಹತ್ತಿದೆವು.

ಮೊದಲು ಅಂಚೆಚೀಟಿ ಸಂಗ್ರಹ. ಕಾಗದ ಬಂದರಲ್ಲವೇ ಚೀಟಿ? ಮಾವ ಒಂದೇ ಭಾನುವಾರ ನೆಂಟರಿಗೆಲ್ಲ ಕಾಗದ ಬರೆದರು. ಒಕ್ಕಣೆ ಇಷ್ಟೆ: "ಕಮಲಿಯ ವಿಷಯ. ತಡಮಾಡದೆ ಉತ್ತರಿಸುವುದು." ಉತ್ತರ ಯಾರು ಬರೆಯುತ್ತಾರೆ? ಗುರುವಾರದ ಹೊತ್ತಿಗೆ ಹನ್ನೊಂದು ಜನ ಖುದ್ದಾಗಿ ಬಂದಿಳಿದರು. ಕಡೂರಿನ ಅಜ್ಜಿ ಸ್ಟೇಷನ್ನಿನಿಂದಲೇ ಅಳುತ್ತ ಬಂದವರು, ಜಗಲಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದ ಕಮಲಿಯನ್ನು ಕಂಡು ಸಿಟ್ಟಾದರು.

"ಅಯ್ಯೋ ಮಾರಾಯ್ತಿ, ನೆಟ್ಟಗಿದ್ದೀಯಲ್ಲೇ! ಇಷ್ಟು ದೂರ ಸುಮ್ನೆ ಬಂದ ಹಾಗಾಯ್ತಲ್ಲ!"

ಎಲ್ಲರೂ ನಾಲ್ಕು ದಿನ ಇದ್ದು ಹೋದರು. ಒಂದು ಅಂಚೆಚೀಟಿಯೂ ಸಿಗಲಿಲ್ಲ. ಎರಡು ಡಬ್ಬ ಹಪ್ಪಳ ಖಾಲಿಯಾಯಿತು.

ಆಮೇಲೆ ತೋಟಗಾರಿಕೆ. ಕಮಲಿ ಹಿತ್ತಿಲಲ್ಲಿ ಹುರುಳಿಕಾಯಿ ಬೀಜ ಊರಿದಳು. ಮೊಳಕೆ ಸರಿಯಾಗಿ ಬರುತ್ತಿದೆಯೇ ಎಂದು ಮಾವ ಬೆಳಗಿನ ಪಾಳಿಗೆ ಹೊರಡುವ ಮುನ್ನ ಅವನ್ನು ಅಗೆದು ನೋಡಿ ತಿರುಗಿ ಹೂಳುತ್ತಿದ್ದರು. ಆರು ದಿನ ಬೀಜಗಳು ಹೀಗೆ ಮೇಲೆ ಬಂದು ಹಾಜರಿ ಕೊಟ್ಟವು. ಏಳನೆಯ ದಿನ ರಾಜೀನಾಮೆ ಕೊಟ್ಟವು.

ಪಕ್ಕದ ಕ್ವಾರ್ಟರ್ಸಿನ ಸೇಲಂ ಕಡೆಯ ಫಿಟ್ಟರು ಬೇಲಿಯಾಚೆಯಿಂದ ಕೇಳಿದ: "ಏನ್ ಸಾರ್, ಗಿಡ ಫೇಲಾ?"

"ಬೀಜದಲ್ಲೇ ದೋಷ ಇತ್ತಪ್ಪ."

"ಆಮಾ ಸಾರ್, ನಿಮ್ಮ ಮನೇಲಿ ಎಲ್ಲಾ ಅಂಗೇ!"

ಕೊನೆಗೆ ಸಂಗೀತ. ಶಿವಮೊಗ್ಗದಲ್ಲಿ ಮುಚ್ಚಿಹೋದ ನಾಟಕ ಕಂಪನಿಯೊಂದರ ಹಾರ್ಮೋನಿಯಮ್ಮನ್ನು ಮಾವ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಕಮಲಿಯ ಕಣ್ಣು ಅರಳಿತು. ಅವಳು ಒಂದು ಸ್ವರದ ಮನೆ ಒತ್ತಿದಳು. ಅದು ಕುಯ್ ಎಂದಿತು.

ಮಾವ ತಲೆಯೆತ್ತಿದರು. "ಒಳಗೆ ಏನೋ ಇದೆ."

"ಒಳಗೆ ಗಾಳಿ ಇರತ್ತೆ ಕಣ್ರೀ! ಮುಟ್ಟಬೇಡಿ ಅದನ್ನ!" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ಅಷ್ಟರಲ್ಲಿ ಮೇಲಿನ ಹಲಗೆ ಕಳಚಿತ್ತು. ಸಂಜೆಯೊಳಗೆ ಹಾರ್ಮೋನಿಯಂ ಚಾಪೆಯ ಮೇಲೆ ಇನ್ನೂರು ಚೂರಾಗಿ ಮಲಗಿತ್ತು. ಮರುದಿನ ಮಾವ ಅದನ್ನು ಜೋಡಿಸಿದರು. ನಶ್ಯದ ಡಬ್ಬಿ ತುಂಬಿತು.

ಪಾಠ ಹೇಳಲು ಬಂದ ಮೇಷ್ಟರು ತಿದಿ ಒತ್ತಿದರು. ಯಾವ ಮನೆ ಒತ್ತಿದರೂ ಒಂದೇ ಸ್ವರ. ಒತ್ತದಿದ್ದರೂ ಅದೇ ಸ್ವರ! ಅವರು ಮೆಲ್ಲಗೆ ಕೈ ತೆಗೆದು ಹೇಳಿದರು: "ಸ್ವಾಮಿ, ಇನ್ನು ಇದು ಶ್ರುತಿಪೆಟ್ಟಿಗೆ. ಹಾಡೋರನ್ನ ಬೇರೆ ಕಡೆಯಿಂದ ತರಿಸಿ."

ಹಾರ್ಮೋನಿಯಂ ಸೌದೆಮನೆ ಸೇರಿತು. ಮಾವ ಊಟಕ್ಕೆ ಕೂತಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅತ್ತೆಗೆ ಬೇರೆ ತಕರಾರು: "ಈ ಹುಡುಗಿ ಸೌದೆ ತರ್ತೀನಿ ಅಂತ ಹೋದ್ರೆ ಒಂದು ಗಂಟೆ ಬರಲ್ಲ ನೋಡಿ. ಅಡುಗೆ ಕಲಿತ ಹಾಗೇ ಇದೆ!"

ಜೂನ್ ಮೊದಲ ವಾರ ನಮ್ಮನ್ನು ಕರೆದೊಯ್ಯಲು ಅಪ್ಪ ಬಂದರು. ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಏನಯ್ಯ, ಸಿಕ್ತಾ ಆಸಕ್ತಿ?"

ಮಾವ ಕನ್ನಡಕದ ದಾರ ಸರಿಮಾಡಿಕೊಂಡರು. "ಇಲ್ಲ ಭಾವ. ನಾನು ಕೊಟ್ಟಿದ್ದೆಲ್ಲಾ ಫೇಲು. ಹುಡುಗಿ ಫೇಲಲ್ಲ. ಅದೊಂದು ಬರ್ಕೊಳ್ಳಿ."

"ಹಾಗಾದ್ರೆ ಸ್ಕೂಲಿನ ಮಾತು ಬಿಡು" ಎಂದು ಅಪ್ಪ ಎದ್ದರು.

ಆಗ ಸೌದೆಮನೆಯಿಂದ ಸರಿಗಮ ಕೇಳಿತು. ಒಂದೊಂದೇ ಸ್ವರ, ತಡವರಿಸುತ್ತ, ಮೇಲಿನ ಷಡ್ಜದವರೆಗೆ ಹತ್ತಿ ಇಳಿಯಿತು. ನಾವೆಲ್ಲ ಓಡಿದೆವು. ಕಮಲಿ ಸೌದೆಯ ನಡುವೆ ಕೂತಿದ್ದಳು. ಮೂಗಿನ ಮೇಲೆ ಮಸಿ, ಕೈಯಲ್ಲಿ ಮಾವನ ತಿರುಪುಳಿ, ಮಗ್ಗುಲಲ್ಲಿ ನಶ್ಯದ ಡಬ್ಬಿ.

"ಯಾರೇ ರಿಪೇರಿ ಮಾಡಿದ್ದು?" ಎಂದರು ಅಪ್ಪ.

"ನಾನೇ. ಎಲ್ಲಾ ಮಾವನ ಡಬ್ಬೀಲೇ ಇತ್ತು. ಯಾವ ಸ್ಕ್ರೂ ಯಾವ ತೂತಿಂದು ಅಂತ ನೋಡಬೇಕು, ಅಷ್ಟೇ. ಟಾರ್ಚೂ ಹತ್ತತ್ತೆ ಈಗ. ಗಡಿಯಾರಾನೂ ಓಡತ್ತೆ."

ಮಾವ ಮುಂದೆ ಬಾಗಿದರು. ಅವರ ಕೈ ಅಭ್ಯಾಸಬಲದಿಂದ ತಿರುಪುಳಿಯತ್ತ ಹೋಯಿತು, ಅರ್ಧದಾರಿಯಲ್ಲಿ ನಿಂತಿತು. ಆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಹೇಳಿದರು: "ಪಾಸು."

"ಬಿಚ್ಚಿ ನೋಡಲ್ವೇನೋ?"

"ಬೇಡ ಭಾವ."

ಕಮಲಿ ಡಬ್ಬಿಯಿಂದ ಸಾಸಿವೆಯಷ್ಟು ಸ್ಕ್ರೂ ಒಂದನ್ನು ಹೆಕ್ಕಿದಳು. "ಮಾವ, ಕನ್ನಡಕ ಕೊಡಿ. ಇದು ಅದರದ್ದೇ."

"ಎಲ್ಲಾ ಒಂದೇ ಸಲ ಮುಗಿಸಿಬಿಟ್ರೆ ಮುಂದಿನ ರಜಕ್ಕೆ ಯಾಕಮ್ಮ ಬರ್ತೀಯ? ಅದಿರಲಿ."

ಜೂನ್‌ನಲ್ಲಿ ಕಮಲಿ ಶಾಲೆಗೆ ಹೋದಳು. ಆಮೇಲೆ ಪ್ರತಿ ಬೇಸಿಗೆ ರಜದಲ್ಲೂ ಭದ್ರಾವತಿಗೆ ಹೋಗಿ ಕನ್ನಡಕ ಕೇಳಿದಳು. ಮಾವ ಪ್ರತಿಸಲವೂ "ಅದಿರಲಿ" ಎಂದರು.

ಮಾವ ೧೯೪೭ರ ಮಳೆಗಾಲದಲ್ಲಿ ತೀರಿಕೊಂಡರು. ಕಮಲಿ ಈಗ ಶಿವಮೊಗ್ಗದಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಕಳೆದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಕನ್ನಡಕ ಅವಳ ಮೇಜಿನ ಮೇಲಿದೆ. ದಾರ ಹಾಗೆಯೇ ಇದೆ. ಡಬ್ಬಿಯಲ್ಲಿ ಒಂದು ಸ್ಕ್ರೂ ಇದೆ.