ಎಡ ಪೆಡಲಿನ ಪಾಠ ಹೇಳಿದ ಕ್ಯಾಮೆರಾದವರಿಗೆ

ಶ್ರೀಮಾನ್ ಸಿ.ಸಿ. ಕ್ಯಾಮೆರಾದವರ ಸನ್ನಿಧಿಗೆ,
ಅಶೋಕಕುಮಾರ ಅವರ ಸೈಕಲ್ ಸ್ಟ್ಯಾಂಡಿನ ಕಬ್ಬಿಣದ ಕಂಬ, ವಾಡಿ.

ಮಾನ್ಯರೇ,

ಬಿಸಿಲು, ಗಾಳಿ, ಕಾಗೆ, ಯಾವುದಕ್ಕೂ ರೆಪ್ಪೆ ಬಡಿಯದೆ ಹಗಲೆಲ್ಲ ನಮ್ಮ ಸೈಕಲ್ಲುಗಳ ಮೇಲೆ ಕಣ್ಣಿಟ್ಟು ಕುಳಿತಿರುವ ತಮಗೆ, ಹಸಿರು ಲೇಡೀಸ್ ಸೈಕಲ್ಲಿನ ಒಡತಿ ಶಾರದಾಬಾಯಿ ಮಾಡುವ ನಮಸ್ಕಾರಗಳು. ನನ್ನ ಮನೆ ವಾಡಿಯಲ್ಲಿ, ನೌಕರಿ ನಾಲವಾರದ ಹೈಸ್ಕೂಲಿನಲ್ಲಿ, ವಿಷಯ ಹಿಂದಿ. ದಿನಾ ಬೆಳಿಗ್ಗೆ ಸೈಕಲ್ಲನ್ನು ತಮ್ಮ ಪಾದದ ಬಳಿ ನಿಲ್ಲಿಸಿ ರೈಲು ಹತ್ತುತ್ತೇನೆ. ಸಂಜೆ ಇಳಿದು ಬಂದು ಅದರ ಯಾವ ಯಾವ ಅಂಗ ಉಳಿದಿದೆ ಎಂದು ನೋಡುತ್ತೇನೆ. ಆರು ತಿಂಗಳ ಹಿಂದೆ ತಮ್ಮನ್ನು ಕಂಬಕ್ಕೆ ಏರಿಸಿದ ದಿನ ತಮಗೆ ಅರಿಷಿಣ-ಕುಂಕುಮ ಹಚ್ಚಿದವಳೂ ನಾನೇ ಎಂಬುದು ತಮ್ಮ ನೆನಪಿನಲ್ಲಿ ಇದ್ದೇ ಇರಬೇಕು.

ಅದೇ ವಾರ ನನ್ನ ಬಲಗಡೆಯ ಪೆಡಲ್ ಮುರಿಯಿತು. ಅದಕ್ಕೆ ತಾವು ಕಾರಣರಲ್ಲ, ನನ್ನ ತೂಕ ಕಾರಣ. ಮೂವತ್ತು ವರ್ಷಗಳಿಂದ ನಮ್ಮ ಮನೆಯ ಸೈಕಲ್ಲುಗಳನ್ನು ರಿಪೇರಿ ಮಾಡುತ್ತಿರುವ ಅಬ್ದುಲ್ ಮಜೀದರು ಹೊಸ ಜೋಡಿ ಹಾಕಿಕೊಟ್ಟರು. ನಾಲ್ಕನೇ ದಿನ ಬಲಗಡೆಯದು ಮಾಯ. ಇನ್ನೊಂದು ಹಾಕಿಸಿದೆ, ಅದೂ ಮಾಯ. ಆದರೆ ಎಡಗಡೆಯದನ್ನು ಮಾತ್ರ ಕಳ್ಳ ಮುಟ್ಟಿದಂತೆ ಕಾಣಲಿಲ್ಲ. ಮಜೀದರು ಅದನ್ನು ಹಿಡಿದು ನೋಡಿ ನಕ್ಕುಬಿಟ್ಟರು. "ಎಡಗಡೆ ಪೆಡಲ್ ಉಲ್ಟಾ ತಿರಗ್ತದ್ರಿ ಅಕ್ಕೋರೆ. ಕಳ್ಳಗ ಅದು ಗೊತ್ತಿಲ್ಲ. ಬಿಚ್ಚಲಾಕ ಹೋಗಿ ಇನ್ನಷ್ಟು ಬಿಗಿ ಮಾಡಿ ಹೋಗ್ಯಾನ ನೋಡ್ರಿ" ಎಂದರು. ಅಂದೇ ಅಂಗಡಿಯ ಹಳೆಯ ಪಾನಾ, ಅಂದರೆ ಸ್ಪ್ಯಾನರ್, ಕೊಟ್ಟು, ಎರಡೂ ಪೆಡಲ್ ಬಿಚ್ಚುವುದನ್ನೂ ಹಾಕುವುದನ್ನೂ ನನಗೆ ಕಲಿಸಿದರು. ಆವತ್ತಿನಿಂದ ಪ್ರತಿದಿನ ಬೆಳಿಗ್ಗೆ ನನ್ನ ಎರಡೂ ಪೆಡಲುಗಳನ್ನು ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಚೀಲದಲ್ಲಿ ರೊಟ್ಟಿ ಡಬ್ಬಿಯ ಪಕ್ಕ ಇಟ್ಟುಕೊಂಡೇ ನಾನು ನಾಲವಾರಕ್ಕೆ ಹೋಗುವುದು. ಒಮ್ಮೆ ನಮ್ಮ ಡ್ರಾಯಿಂಗ್ ಮಾಸ್ತರರು ಶೇಂಗಾ ಹೋಳಿಗೆ ಎಂದು ಆ ಪೊಟ್ಟಣ ಬಿಚ್ಚಿ, ಕೈಗೆಲ್ಲ ಗ್ರೀಸ್ ಮಾಡಿಕೊಂಡರು. ಅವರು ಇಂದಿಗೂ ನನ್ನ ಡಬ್ಬಿಯ ಕಡೆ ನೋಡುವುದಿಲ್ಲ.

ಇನ್ನು ತಮ್ಮ ಆರೋಗ್ಯದ ವಿಚಾರ. ನಮ್ಮೂರ ಧೂಳು ತಮಗೆ ಒಗ್ಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ತಮ್ಮ ಕಣ್ಣಿನ ಮೇಲೆ ಬೂದಿ ಬಣ್ಣದ ಪೊರೆ ಬಂತು. ಸ್ಟ್ಯಾಂಡಿನವರಿಗೆ ಹೇಳಿದೆ, "ಒರಸ್ತೀವ್ರಿ" ಎಂದರು, ಒರೆಸಲಿಲ್ಲ. ಕಣ್ಣಿದ್ದೂ ಕುರುಡಾದವರನ್ನು ನೋಡುತ್ತಾ ನಿಲ್ಲಲು ನನ್ನಿಂದಾಗದೆ, ಉದ್ದದ ಕೋಲಿಗೆ ಹಳೆಯ ಸೀರೆಯ ತುಂಡು ಕಟ್ಟಿ ಪ್ರತಿ ಸೋಮವಾರ ಬೆಳಿಗ್ಗೆ ನಾನೇ ತಮ್ಮ ಕಣ್ಣು ಒರೆಸತೊಡಗಿದೆ. ತಾವು ಈ ಉಪಕಾರವನ್ನು ಮರೆಯಲಿಲ್ಲ. ಕಣ್ಣು ಶುಭ್ರವಾದ ಕ್ಷಣದಲ್ಲಿ ಎದುರಿಗೆ ಯಾರಿದ್ದರೋ ಅವರನ್ನೇ, ಅಂದರೆ ನನ್ನನ್ನೇ, ಬಹಳ ಚೆಂದವಾಗಿ ಹಿಡಿದಿಟ್ಟುಕೊಂಡಿರಿ. ಮಂಗಳವಾರದಿಂದ ಮತ್ತೆ ಧೂಳು ಕೂರುತ್ತಿತ್ತು. ಕಳ್ಳನೂ ಮಂಗಳವಾರದಿಂದಲೇ ಕೆಲಸಕ್ಕೆ ಬರುತ್ತಿದ್ದ.

ಹೋದ ತಿಂಗಳು ಪೆಡಲ್ ಕಳೆದುಕೊಂಡವರೆಲ್ಲ ಸೇರಿ ಗದ್ದಲ ಮಾಡಿದಾಗ, ತಮ್ಮ ಹೊಟ್ಟೆಯೊಳಗಿನ ಚಿತ್ರಗಳನ್ನು ಅಶೋಕಕುಮಾರರು ಹೊರತೆಗೆದರು. ಅಷ್ಟೂ ಚಿತ್ರಗಳಲ್ಲಿ ಮುಖ ಸ್ಪಷ್ಟವಾಗಿ ಕಂಡ ಒಬ್ಬಳೇ ಒಬ್ಬಳು, ಪಾನಾ ಹಿಡಿದು ಪೆಡಲ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಡುವ ಹೆಂಗಸು, ಈ ಶಾರದಾಬಾಯಿ. ಸ್ಟ್ಯಾಂಡಿನ ವಾಟ್ಸಾಪ್ ಗುಂಪಿಗೆ ಆ ನಲವತ್ತು ಸೆಕೆಂಡಿನ ವಿಡಿಯೋ ಬಿತ್ತು. ಅಲ್ಲಿಂದ ಶಹಾಬಾದ, ಚಿತ್ತಾಪುರ, ಕಾಳಗಿ ದಾಟಿ ಸೇಡಂ ಮುಟ್ಟಿತು. ಅಲ್ಲಿರುವ ನನ್ನ ನಾದಿನಿ ಗುರುವಾರ ಫೋನ್ ಮಾಡಿ, "ವೈನಿ, ನಿಮಗ ಪಗಾರ ಬರಾಕತ್ತದಲ್ಲ, ಇದೇನ್ರಿ?" ಎಂದು ಅತ್ತಳು. ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಯಾರೋ ಒಂದು ಪೆಡಲ್ ಬರೆದಿದ್ದರು. ಚಿತ್ರ ಚೆನ್ನಾಗಿತ್ತು. ನಾನು ಅದನ್ನು ಒರೆಸಿ ಪಾಠ ಮಾಡಿದೆ, ಮನೆಗೆ ಬಂದು ಅತ್ತುಬಿಟ್ಟೆ. ಇಪ್ಪತ್ತಾರು ವರ್ಷ ಮಕ್ಕಳ ಎದುರು ತಲೆಯೆತ್ತಿ ನಿಂತವಳಿಗೆ, ಆ ದಿನ ಅವರ ಕಡೆ ತಿರುಗಲು ಭಯವಾಯಿತು.

ಆದರೂ ತಮ್ಮ ಶಿಕ್ಷಣ ಸೇವೆಯನ್ನು ಹೊಗಳದೆ ಇರಲಾರೆ. ನಾನು ಇಷ್ಟು ವರ್ಷ ಕಲಿಸಿದ ಹಿಂದಿಯನ್ನು ಯಾರಾದರೂ ಹೀಗೆ ಒಂದೇ ಸಲ ನೋಡಿ ಕಲಿತದ್ದು ನನಗೆ ತಿಳಿದಿಲ್ಲ. ಆ ವಿಡಿಯೋದಲ್ಲಿ ನಾನು ಎಡಗಡೆಯ ಪೆಡಲನ್ನು ಉಲ್ಟಾ ತಿರುಗಿಸಿ ಬಿಚ್ಚುವುದು ಎಷ್ಟು ಸ್ಪಷ್ಟವಾಗಿ ಬಂದಿದೆಯೆಂದರೆ, ಅದು ಹರಿದಾಡಿದ ಮರುದಿನದಿಂದಲೇ ನಮ್ಮ ಸ್ಟ್ಯಾಂಡಿನಲ್ಲಿ ಎಡಗಡೆಯ ಪೆಡಲುಗಳೂ ಹೋಗತೊಡಗಿದವು. ಕಳ್ಳನೂ ಆ ಗುಂಪಿನ ಗೌರವಾನ್ವಿತ ಸದಸ್ಯನೇ ಇರಬೇಕು. ಇದನ್ನು ನಾನು ಅಶೋಕಕುಮಾರರಿಗೆ ಬಿಡಿಸಿ ಹೇಳಿದರೆ, "ಹಂಗಾರ ಕಲಿಸಿದೋರು ನೀವೇ ಆದಿರಲ್ರಿ ಟೀಚರ್" ಎಂದು ಅವರು ಇನ್ನೊಂದು ಆರೋಪ ಬರೆದುಕೊಂಡರು. ಮಜೀದರು ಅಂಗಡಿ ಬಿಟ್ಟು ಬಂದು ನನ್ನ ಪರವಾಗಿ ಹೇಳಿದ ಸಾಕ್ಷಿಗೆ, ಪಾನಾ ಕೊಟ್ಟವರು ಅವರೇ ಎಂಬ ಕಾರಣಕ್ಕೆ ಬೆಲೆ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳಿವೆ. ತಾವು ದಯಮಾಡಿ ಕಂಬದಿಂದ ಇಳಿದು, ನನ್ನ ಜೊತೆ ನಾಲವಾರಕ್ಕೆ ರೈಲಿನಲ್ಲಿ ಬಂದು, ಒಂಬತ್ತನೇ ತರಗತಿಯ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು. ಕಿಟಕಿಯ ಪಕ್ಕದ ಸೀಟು ತಮಗೇ. ಅದು ಆಗದಿದ್ದರೆ ಮಂಗಳವಾರದಿಂದ ಭಾನುವಾರದವರೆಗೆ ತಾವೇ ಕಣ್ಣು ಉಜ್ಜಿಕೊಳ್ಳಬೇಕು. ಅದೂ ಆಗದಿದ್ದರೆ, ಸೋಮವಾರ ಸಂಜೆ ಐದೂವರೆಯ ನಂತರದ ತಮ್ಮ ಚಿತ್ರಗಳನ್ನು ಯಾರಾದರೊಬ್ಬರ ಕಣ್ಣಿಗೆ ಬೀಳಿಸಬೇಕು. ಅದೇ ಹೆಂಗಸು, ಅದೇ ಪಾನಾ, ಅದೇ ಪೆಡಲುಗಳನ್ನು ಅದೇ ಸೈಕಲ್ಲಿಗೆ ಕೂಡಿಸುವುದು ಅದರಲ್ಲಿದೆ. ಬೆಳಗಿನದನ್ನು ಸಾವಿರ ಜನ ನೋಡಿದ್ದಾರೆ, ಸಂಜೆಯದನ್ನು ಒಬ್ಬರೂ ನೋಡಿಲ್ಲ. ಪೆಡಲ್ ಹೋದರೆ ಮಜೀದರ ಅಂಗಡಿಯಲ್ಲಿ ಸಿಗುತ್ತದೆ, ನನ್ನ ಹೆಸರು ಅಲ್ಲಿ ಸಿಗುವುದಿಲ್ಲ. ಅದನ್ನು ನನಗೆ ವಾಪಸು ಕೊಡಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ಇಂತು, ಇನ್ನೂ ತಮ್ಮ ಕಣ್ಣು ಒರೆಸುತ್ತಿರುವ,
ತಮ್ಮ ವಿಶ್ವಾಸಿ,
ಶಾರದಾಬಾಯಿ

ತಾ.ಕ.: ತಮಗೆ ಓದಿಸಲೆಂದು ನಿನ್ನೆ ತಮ್ಮ ಕಣ್ಣು ಒರೆಸಿ, ಈ ಪತ್ರವನ್ನು ಕೋಲಿನ ತುದಿಗೆ ಸಿಕ್ಕಿಸಿ, ಐದು ನಿಮಿಷ ತಮ್ಮ ಕಣ್ಣಿನ ಮುಂದೆ ಎತ್ತಿ ಹಿಡಿದಿದ್ದೆ. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದಿನ ಸಾಲಿನ ಮೂರು ಸೈಕಲ್ಲುಗಳಿಗೆ ಸೀಟು ಇರಲಿಲ್ಲ, ಅವುಗಳಲ್ಲಿ ನನ್ನದೂ ಒಂದು. ಅಶೋಕಕುಮಾರರು ಕೂಡಲೇ ತಮ್ಮನ್ನು ವಿಚಾರಿಸಿದರು. ಆ ಐದು ನಿಮಿಷ ತಮಗೆ ಕಂಡದ್ದು ನನ್ನ ಕೈಬರಹ ಮಾತ್ರ. ಕಳ್ಳನಿಗೆ ಮರೆಯಾಗಲೆಂದೇ ಟೀಚರ್ ಪತ್ರ ಹಿಡಿದಿದ್ದರು ಎಂದು ಇಂದು ಬೆಳಿಗ್ಗೆ ಆ ಚಿತ್ರದೊಂದಿಗೆ ಗುಂಪಿನಲ್ಲಿ ಬಂದಿದೆ. ಅಕ್ಷರ ಮುತ್ತಿನಂತಿದೆ ಎಂದು ಒಬ್ಬರು ಮಾತ್ರ ಬರೆದಿದ್ದಾರೆ. ಆ ನಂಬರು ಯಾರದೆಂದು ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ.